ಅಂಜೂರದ ಹಾಲು

ಫುಲ್ವಿಯೊ, ಚಾಕು ಕೆಳಗಿಡು.
ಹಣ್ಣನ್ನು ಮೊದಲು ಅಂಗೈಯಲ್ಲಿ ಹಿಡಿ.
ಕಿವಿಯ ಹಾಲೆಯಷ್ಟು ಮೆತ್ತಗಿದ್ದರೆ ಸರಿ,
ಮೂಗಿನ ತುದಿಯಷ್ಟು ಬಿಗಿಯಿದ್ದರೆ ನಾಳೆಗೆ,
ಬುಡದಲ್ಲಿ ಒಂದು ಹನಿ ಜೇನು ಜಿನುಗಿದ್ದರೆ
ಅದು ಮೇಜಿಗಲ್ಲ, ನಿನಗೆ. ತಿಂದುಬಿಡು ಈಗಲೇ,
ನಾನು ನೋಡುತ್ತಿಲ್ಲ.

ಹೂಂ. ಈಗ ಚಾಕು.
ತೊಟ್ಟಿನಿಂದ ಕೆಳಕ್ಕೊಂದು ಗೀರು, ಅಡ್ಡ ಇನ್ನೊಂದು,
ಬುಡ ಮುಟ್ಟಬಾರದು.
ನಾಲ್ಕು ಬೆರಳಲ್ಲಿ ಸೊಂಟ ಹಿಡಿದು ಒತ್ತಿದರೆ
ತಾನೇ ಅರಳುತ್ತದೆ.
ಹೂವೇ ಬಿಡದ ಮರ ಅನ್ನುತ್ತಾರಲ್ಲ ಜನ,
ಹೂವೆಲ್ಲ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡಿದೆ, ಅಷ್ಟೆ,
ನಮ್ಮ ಮನೆಯ ಹೆಂಗಸರ ಹಾಗೆ.

ಇವತ್ತು ಹನ್ನೆರಡು ಜನ, ಮಿಲಾನಿನವರು.
ಬಿಳಿ ತಟ್ಟೆ. ತಟ್ಟೆಗೆ ಮೂರೇ ಹಣ್ಣು.
ನಗಬೇಡ. ನನಗೂ ನಗು ಬರುತ್ತದೆ.
ಈ ಸಲೆಂಟೊದ ಕೆಂಪು ಮಣ್ಣಲ್ಲಿ ನಮ್ಮಪ್ಪ
ತಂಬಾಕಿನ ಹೊಲಕ್ಕೆ ಹೊರಟರೆ
ಎರಡೂ ಜೇಬಿಗೆ ಒಣ ಅಂಜೂರ:
ಬೆಳಗಿನ ಊಟ ಎಡಗಡೆ, ಮಧ್ಯಾಹ್ನದ್ದು ಬಲಗಡೆ.
ರೊಟ್ಟಿ ಇಲ್ಲದವರ ರೊಟ್ಟಿ ಅದು.
ಆಗಸ್ಟ್ ಪೂರ್ತಿ ನಾವು ಮಕ್ಕಳು
ಜೊಂಡಿನ ತಟ್ಟಿಯ ಮೇಲೆ ಹಣ್ಣು ಮಗುಚುತ್ತ,
ಕಣಜ ಓಡಿಸುತ್ತ,
ಇಬ್ಬನಿ ಬೀಳುವ ಮೊದಲು ಎಲ್ಲ ಒಳಗೆ ಹೊತ್ತು…
ಒಂದು ಚಳಿಗಾಲದ ಕೊನೆಗೆ ಆಣೆ ಹಾಕಿದ್ದೆ,
ಸತ್ತರೂ ಇನ್ನು ಇದನ್ನು ಬಾಯಿಗಿಡೆನೆಂದು.
ಈಗ ಮೂರಕ್ಕೆ ಹದಿನಾಲ್ಕು ಯೂರೋ.

ಚೀಸ್ ಆ ಒದ್ದೆ ಬಟ್ಟೆಯಲ್ಲಿದೆ.
ಮೇಕೆ ಹಾಲಿನದು, ನಿನ್ನೆಯದು, ಇನ್ನೂ ಕಣ್ಣು ಬಿಟ್ಟಿಲ್ಲ.
ಒರೊಂಜೊ ತಂದುಕೊಡುತ್ತಾನೆ.
ಯಾರದ್ದೆಂದು ನಾನು ಕೇಳುವುದಿಲ್ಲ, ಅವನು ಹೇಳುವುದಿಲ್ಲ,
ಇಬ್ಬರಿಗೂ ಗೊತ್ತು.
ಗೋಡೆಯಾಚೆಯ ಕೋಸಿಮಾ, ನನ್ನ ತಮ್ಮನ ಹೆಂಡತಿ.
ತಮ್ಮ ತೀರಿಕೊಂಡ ವರ್ಷ ಅಳತೆಯ ಹಗ್ಗ ಎಳೆದು
ಕಲ್ಲಿನ ಮೇಲೆ ಕಲ್ಲಿಟ್ಟೆವು.
ನಡುವೆ ಸುಣ್ಣವಿಲ್ಲ, ಮಾತಿಲ್ಲ.
ಮರ ನನ್ನ ಪಾಲಿಗೆ ಬಂತು.
ಒಂದು ಕೊಂಬೆ ಮಾತ್ರ ಹೇಳಿದ್ದು ಕೇಳದೆ
ಆಚೆಗೆ ಬಾಗಿದೆ, ಹನ್ನೊಂದು ವರ್ಷದಿಂದ.

ಚಮಚ ಕೊಡು. ತುಂಬುವ ಮುಂಚೆ
ರುಚಿ ನೋಡಬೇಕು, ಯಾವಾಗಲೂ.

ತಡಿ.

ನೀನೂ ನೋಡು. ನಾಲಗೆಯ ಹಿಂದೆ, ಅಂಚಿನಲ್ಲಿ
ಒಂದು ಎಳೆ ಕಹಿ. ಹಸಿರು ಕಹಿ.
ಎಲೆ ಕಿತ್ತಾಗ ಬೆರಳು ಸುಡುವ ಆ ಬಿಳಿ ಹಾಲಿನದು.
ಅಜ್ಜಿ ಹೀಗೆ ಹೆಪ್ಪು ಹಾಕುತ್ತಿದ್ದಳು,
ಅಂಗಡಿಯ ಹೆಪ್ಪಿಗೆ ದುಡ್ಡಿಲ್ಲದ ಕಾಲ.
ಅಂಜೂರದ ಎಳೆಗೊಂಬೆ ಮುರಿದು, ತುದಿ ಸೀಳಿ,
ಬಿಸಿ ಹಾಲಲ್ಲಿ ತಿರುವಿದರೆ
ನೋಡುನೋಡುತ್ತ ಹಾಲು
ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿತ್ತು.

ಹಾಗಾದರೆ ಈ ವಾರವೆಲ್ಲ
ಬೆಳಗಾದರೆ ಕೊಂಬೆಯ ತುದಿ ಮುರಿದಿದ್ದು,
ನಾನು ಗಾಳಿಯನ್ನು, ಗುಬ್ಬಿಯನ್ನು, ಪಾದ್ರಿಯ ಕತ್ತೆಯನ್ನು
ಸಾಲಾಗಿ ಬಯ್ದದ್ದು…
ಕಳ್ಳಿ!
ನನ್ನ ಮರದ ಹಾಲು ಕದ್ದು
ಅದರಲ್ಲೇ ಹೆಪ್ಪು ಹಾಕಿ ನನಗೇ ಮಾರಿದ್ದಾಳೆ.
ಮದುವೆಯಾಗಿ ಬಂದ ಹೊಸದರಲ್ಲಿ
ಹೀಗೆ ಸೀಳಬೇಕು, ಹೀಗೆ ತಿರುವಬೇಕು ಎಂದು
ಅವಳ ಕೈ ಹಿಡಿದು ಕಲಿಸಿದವಳೂ ನಾನೇ.
ಎಷ್ಟು ಚೆನ್ನಾಗಿ ಬಂದಿದೆ, ಹಾಳಾದವಳದು.

ನಗಬೇಡ ಅಂದೆನಲ್ಲ. ಕೆಲಸ ನೋಡು.
ಬಾಯಿ ತೆರೆದ ಹಣ್ಣಿಗೆ ಒಂದೊಂದು ಚಮಚ, ಒತ್ತಬೇಡ.
ಬಾದಾಮಿಯನ್ನು ಕೈಯಲ್ಲೇ ಮುರಿ.
ಕರಿಮೆಣಸು ಒಂದೇ ಸುತ್ತು.
ಒಲೆಯೊಳಗೆ ಆರು ನಿಮಿಷ:
ಚೀಸ್ ಬೆವರಬೇಕು, ಅಳಬಾರದು.
ಆಮೇಲೆ ಬತ್ತಿಸಿದ ದ್ರಾಕ್ಷಿರಸ, ಕಪ್ಪು ನೂಲಿನ ಹಾಗೆ.
ತಟ್ಟೆಯಂಚಿಗೆ ಹನಿ ಬಿದ್ದರೆ ಬಟ್ಟೆಯಲ್ಲಿ ಒರೆಸು,
ಹೆಬ್ಬೆರಳಲ್ಲಲ್ಲ.

ಚೀಸ್ ಯಾವ ಊರಿನದು ಎಂದು ಕೇಳುತ್ತಾರೆ,
ಕೇಳಿಯೇ ಕೇಳುತ್ತಾರೆ ಮಿಲಾನಿನವರು.
ಮನೆಯದು ಅನ್ನು. ಅಷ್ಟೇ.

ಮತ್ತೆ ಕೇಳಿಲ್ಲಿ, ನಾಳೆ ದೊನಾತೊ
ಗರಗಸ ಹಿಡಿದು ಬರುತ್ತಾನೆ,
ಆಚೆ ಬಾಗಿದ ಕೊಂಬೆ ಕೊಯ್ಯಲು ನಾನೇ ಕರೆದದ್ದು.
ನಾನಿನ್ನೂ ಎದ್ದಿರದಿದ್ದರೆ ನೀನೇ ಹೇಳು:
ಬಾದಾಮಿ ಮರದಲ್ಲಿ ಒಣಗಿದ್ದೊಂದು ಇದೆಯಂತೆ,
ಅದನ್ನು ಕೊಯ್ಯಬೇಕಂತೆ.

ಕೈ ತೊಳೆದುಕೋ ಈಗ.
ಸೋಪಿಗೆ ಜಗ್ಗುವುದಿಲ್ಲ ಈ ಅಂಟು,
ಎಣ್ಣೆ ಹಚ್ಚಿ ಉಜ್ಜು.