ಶುರು ಎಂಬ ಮಾತು

ಇಲ್ಲಿ ಜುಲೈ ಎಂದರೆ ಹಿಮ.
ಬಸ್ಸಿನಿಂದಿಳಿದಾಗ ಕಾಲಲ್ಲಿ ಹವಾಯಿ ಚಪ್ಪಲಿ,
ಕೈಯಲ್ಲಿ ಔಷಧಿಯ ಪೆಟ್ಟಿಗೆ, ಬಾಯಲ್ಲಿ
ವಿಮಾನದುದ್ದಕ್ಕೂ ಉರುಹೊಡೆದ ನಾಲ್ಕು ವಾಕ್ಯ.
ಲೆಸೊಥೊದ ಬೆಟ್ಟಗಳು ಒಂದನ್ನೂ ಕೇಳಿಸಿಕೊಳ್ಳಲಿಲ್ಲ.
ಕೇಳಿಸಿಕೊಂಡವಳು ಮಾದಿನೇಯೊ,
ಕ್ಲಿನಿಕ್ಕಿನ ಕಸ ಗುಡಿಸುವಾಕೆ.
ನನ್ನ ಪಾದ ನೋಡಿದಳು, ಮುಖ ನೋಡಿದಳು,
"ಮ್ಮೆ" ಎಂದಳು,
ಅಮ್ಮನಿಂದ ಅಕಾರ ಕಳೆದಂತೆ.
ಹೆರದವಳು ನಾನು, ವ್ರತ ತೊಟ್ಟವಳು.
ಮೊಟಕಾದರೂ ಆ ಅಮ್ಮ
ಚಳಿಗೆ ಆದೀತು ಅನ್ನಿಸಿತು.

ತೊಡಕು ಬಂದದ್ದು ಶುರುವಿನಲ್ಲೇ.
ಇವರ ಮಾತಿನಲ್ಲಿ ಶುರುಮಾಡು ಅನ್ನಬೇಕಾದರೆ
ಮೊದಲು ನಾಲಿಗೆ ಅಂಗುಳಿಗೆ ಅಂಟಿ
ಲೊಟ್ಟೆಂದು ಕಿತ್ತುಬರಬೇಕು, ಬಿರಡೆ ತೆಗೆದ ಶೀಸೆಯಂತೆ.
ನನ್ನ ಬಾಯಲ್ಲಿ ಅದು ಬರಿಯ "ಕಾಲ" ಆಗುತ್ತಿತ್ತು.
ಕಾಲ ಮಾಡೋಣ, ಮಕ್ಕಳೇ.
ಕಾಲ ಮಾಡೋಣ, ತಾಯಂದಿರೇ, ಸಾಲಾಗಿ ಬನ್ನಿ.
ಹಿಂದಿನ ಬೆಂಚಿನಲ್ಲಿ ತ್ಲೊತ್ಲಿಸೊ
ನಕ್ಕು ನಕ್ಕು ಕೆಳಗೆ ಬಿದ್ದ.

ನನ್ನ ಡೈರಿಯ ತುಂಬಾ ಶುರುಗಳೇ:
ಬಾಣಂತಿಯರ ಕೂಟ, ಹೊಲಿಗೆಯ ತರಗತಿ,
ಕೋಳಿ ಸಾಕಣೆ, ಶನಿವಾರದ ಜಪ.
ಹೇಳಲು ಬಾರದ್ದನ್ನು ಮಾಡುವುದು ಹೇಗೆ?

ಮಾದಿನೇಯೊ ಒಂದು ಕಂಬಳಿ ತಂದುಕೊಟ್ಟಳು, ಸಾಲದ ಮೇಲೆ.
ಪಟ್ಟೆಗಳನ್ನು ಅಡ್ಡಡ್ಡ ಹೊದ್ದು ಮಾಸಿಗೆ ಹೋದೆ.
ಹಾಡಿನ ನಡುವೆಯೇ ಎದ್ದು ಬಂದು ಪಿನ್ನು ಬಿಚ್ಚಿ
ತಿರುಗಿಸಿ ಹೊದಿಸಿದಳು: ಪಟ್ಟೆ ನೆಟ್ಟಗೆ ನಿಲ್ಲಬೇಕು,
ಅಡ್ಡವಿದ್ದರೆ ಮನುಷ್ಯ ಬೆಳೆಯುವುದಿಲ್ಲ.
"ನನಗೆ ನಲವತ್ತೇಳು" ಎಂದೆ.
"ಅದಕ್ಕೇನು?" ಎಂದಳು.

ಬಿಳಿ ಬಾವುಟ ಹಾರುವ ಗುಡಿಸಲೊಂದಿತ್ತು.
ಶಾಂತಿಯ ಮನೆ ಇರಬೇಕೆಂದು
ಶಿಲುಬೆ ಸರಿಪಡಿಸಿಕೊಂಡು ಒಳಹೊಕ್ಕೆ.
ಶಾಂತಿಯೇನೋ ಇತ್ತು, ಡಬ್ಬ ಡಬ್ಬ.
ಜ್ವಾಲಾ ಅದರ ಹೆಸರು.
ಮೂಸಿದರೆ ಹುಳಿ ಬಂದ ನಮ್ಮ ಜೋಳದ ಅಂಬಲಿ!
ಕುಡಿದೆನೋ ಇಲ್ಲವೋ
ಮದರ್ ಕೇಳಿಲ್ಲ, ನಾನು ಬರೆದಿಲ್ಲ.

ಮಾತ್ರೆ ಡಬ್ಬಗಳನ್ನು ಮೇಲಿನ ಹಳ್ಳಿಗಳಿಗೆ ಹೊರುವುದು
ಸೆಖೋಬೆ ಮುದುಕನ ಕತ್ತೆ.
ಅಂದು ಹೊಳೆಯ ನಟ್ಟನಡುವೆ ನಿಂತುಬಿಟ್ಟಿತು.
ಮುದುಕ ಬೈದ, ನೂಕಿದ, ಕೂತು ಪೈಪು ಹಚ್ಚಿದ.
ಮೊಣಕಾಲಿಗೆ ಹಿಮದ ನೀರು, ಮೇಲೆ ಕಾಯುವ ರೋಗಿಗಳು.
ತಾಳ್ಮೆ ತಪ್ಪಿ ನಾನು
ಚಿಕ್ಕಂದಿನಲ್ಲಿ ಎತ್ತುಗಳಿಗೆ ಹೊಡೆಯುತ್ತಿದ್ದಂತೆ
ನಾಲಿಗೆ ಲೊಟ್ಟೆನಿಸಿದೆ.
ಕತ್ತೆ ಕಿವಿ ನಿಮಿರಿಸಿತು.
"ಅದೇ!" ಮುದುಕ ಎದ್ದುನಿಂತ, "ಅದೇ ಕಣಮ್ಮಾ,
ಬಾಲಕ್ಕೆ ಆಲ ಸೇರಿಸು!"
ಸೇರಿಸಿದೆ. ಹೊಳೆಯಲ್ಲಿ ನಿಂತು, ಗಂಟಲು ಹರಿಯುವಂತೆ,
ಶುರು, ಶುರು, ಶುರು.

ಪೀಚ್ ಮರಗಳು ಬೋಳುಕೊಂಬೆಯಲ್ಲೇ ಹೂಬಿಟ್ಟ ವಾರ
ಸೆಖೋಬೆ ಸತ್ತ.
ರಾತ್ರಿಯಿಡೀ ಹೆಂಗಸರು ನೆಲದ ಮೇಲೆ,
ಮೇಣದ ಬತ್ತಿಯ ಸುತ್ತ. ನನಗೂ ಜಾಗ ಒತ್ತರಿಸಿದರು.
ಯಾರೋ ನನ್ನ ಕಡೆ ತಿರುಗಿ ಆ ಪದ ಹೇಳಿದರು:
ಶುರುಮಾಡು, ಮ್ಮೆ.
ಪುಸ್ತಕ ಬಿಚ್ಚಿದೆ. ಅಕ್ಷರ ಕಾಣಲಿಲ್ಲ.
ಕನ್ನಡಕ ಹುಡುಕುತ್ತಿದ್ದಂತೆಯೇ ಮೂಲೆಯಿಂದ
ಹಲ್ಲಿಲ್ಲದ ಬಾಯೊಂದು ಎತ್ತಿಕೊಂಡಿತು ಹಾಡನ್ನು,
ಮತ್ತೊಂದು ಕೆಳಗಿನಿಂದ ಬಂದು ಅದನ್ನು ಹೊತ್ತಿತು,
ಗೋಡೆ, ನೆಲ, ಶವಪೆಟ್ಟಿಗೆಯ ಹಲಗೆ ಎಲ್ಲ ಗುಂಯ್ಗುಟ್ಟಿದವು.
ನಾನು ಬರುವ ಮುಂಚಿನ ಹಾಡು.
ಪುಸ್ತಕ ಮುಚ್ಚಿ ಕೆಳದನಿಗೆ ಸೇರಿಕೊಂಡೆ,
ಅರ್ಧ ಪದ ತಪ್ಪು.

ವರ್ಷದ ವರದಿಯ ಹಾಳೆ ಮೇಜಿನ ಮೇಲಿದೆ.
ಮೂರನೆಯ ಕಾಲಮ್ಮು: ಈ ಸಾಲಿನಲ್ಲಿ ಆರಂಭಿಸಿದ ಕಾರ್ಯಗಳು.
ಹೊಲಿಗೆಯ ಯಂತ್ರ ಕೆಟ್ಟಿದೆ. ಕೋಳಿ ನರಿಯ ಪಾಲು.
ಹೊರಗೆ ಮಾದಿನೇಯೊ ಕೂಗುತ್ತಿದ್ದಾಳೆ:
ಸಗಣಿ ಒಣಗಿಹೋಗುತ್ತೆ, ಬಾ, ಬೆರಣಿ ತಟ್ಟು,
ನಿನಗೆ ಚೆನ್ನಾಗಿ ಬರುವುದು ಅದೊಂದೇ.
ಪೆನ್ನಿಗೆ ಮುಚ್ಚಳ ಹಾಕಿ
ತೋಳು ಮಡಿಸುತ್ತಾ ಹೊರಟೆ.
ಮುದುಕನ ಕತ್ತೆ ಈಗ ನಮ್ಮ ಬೇಲಿಗೆ ಕಟ್ಟಿದೆ,
ಯಾರು ಕಟ್ಟಿದರೋ. ಹಗ್ಗ ಹೊಸದು.