ಐದು ಬಿದ್ದರೆ ದೋಣಿ

ಪ್ರತಿ ಸೆಪ್ಟೆಂಬರಿನ ಮೂರನೆಯ ಶನಿವಾರ
ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹಾಸುತ್ತೇವೆ,
ಲ್ಯುಬ್ಬರ್ಟ್ ಮತ್ತು ನಾನು.
ಮಡಿಕೆ ಏಳದ ಹಾಗೆ ನಾಲ್ಕು ಮೂಲೆಗೂ ಭಾರ:
ಉಪ್ಪಿನ ಡಬ್ಬಿ, ಕನ್ನಡಕದ ಪೆಟ್ಟಿಗೆ, ಸೈಕಲ್ಲಿನ ಬೀಗ, ಚೀಸಿನ ತುಂಡು.
ಜೇನುಗೂಡಿನಂಥ ಆರು ಮೂಲೆಯ ಮನೆಗಳಲ್ಲಿ
ನಮ್ಮದೇ ಊರು, ದ್ರೀಲ್.
ಇಗರ್ಜಿಗೆ ಒಂದು ಮನೆ, ಏರಿಗೆ ಎರಡು,
ರೈನ್ ನದಿ ಒಂದು ನೀಲಿ ಪಟ್ಟಿ, ನನ್ನ ಹೆಬ್ಬೆರಳಿನಷ್ಟು ಅಗಲ.

ಅವನು ಜರ್ಮನ್, ನಾನು ಪೋಲಿಶ್.
ಬದಲಾಯಿಸೋಣವೇ ಎಂದು ಒಮ್ಮೆಯೂ ಯಾರೂ ಕೇಳಿಲ್ಲ.

ಮೊದಲು ಮಂಜಿಗೆ ದಾಳ.
ಇಂಗ್ಲೆಂಡಿನ ಮೇಲೆ ಮಂಜಿದ್ದರೆ ವಿಮಾನ ಏಳುವುದಿಲ್ಲ.
ಎರಡು ಬಿತ್ತು. ಮಂಜು.
ಮತ್ತೆ ಎರಡು. ಮಂಜು.
ನನ್ನ ಕಾಯಿಗಳು ಚೀಸಿನ ಪಕ್ಕ ಒಂದರ ಮೇಲೊಂದು ಕೂತು ಕಾಯುತ್ತವೆ.
ಅತ್ತ ದಡದಲ್ಲಿ ಇಂಗ್ಲಿಷರ ಕಂದು ಕಾಯಿಗಳನ್ನು
ಲ್ಯುಬ್ಬರ್ಟ್ ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕುತ್ತಾನೆ,
ಬಟಾಣಿ ಸುಲಿಯುವವನ ಹಾಗೆ, ನನ್ನ ಮುಖ ನೋಡದೆ.

ಮೂರನೆಯ ಸರದಿಗೆ ಆಕಾಶ ತೆರೆಯಿತು.
ಪ್ರತಿ ಕಾಯಿಗೂ ಎರಡು ದಾಳ, ಒಂದು ದಿಕ್ಕಿಗೆ, ಒಂದು ದೂರಕ್ಕೆ;
ಗಾಳಿಯ ಲೆಕ್ಕ ಇಷ್ಟೇ.
ಒಂದು ಹುಲ್ಲುಗಾವಲಿಗೆ, ಒಂದು ಏರಿಯ ಮೇಲೆ,
ಒಂದು ನೀರಿಗೆ; ನೀರಿಗೆ ಬಿದ್ದದ್ದನ್ನು ಮಗುಚಿಡಬೇಕು.
ಒಂದು ನಕ್ಷೆಯಾಚೆ, ಸಕ್ಕರೆ ಬಟ್ಟಲಿನ ಬುಡಕ್ಕೆ.
ಒಂದು ಹಸಿರು ಮನೆಗೆ. ಪುಸ್ತಕ ತೆರೆದು ಓದಿದೆ:
"ವಿರಳ ಕಾಡು. ದಾಟಲು ಎರಡು ಅಂಕ."

ಯಾವ ಕಾಡು? ಎಂದಳು ಒಲೆಯ ಕಡೆಯಿಂದ ಯೆನ್ನೆಕೆ ಅತ್ತೆ.
ಎಂಬತ್ತೆಂಟು ವಯಸ್ಸು, ಕಿವಿ ಮಾತ್ರ ಎಳೆಯದು.
ಕೈಯೊರಸಿಕೊಂಡು ಬಂದು ಬೆರಳಿಟ್ಟಳು:
ಇದು ಕಾಡಲ್ಲ. ನಮ್ಮಪ್ಪನ ಮರಸೇಬಿನ ತೋಟ.
ಹದಿನಾಲ್ಕು ಸಾಲು. ಕೊಯ್ಲಿಗೆ ಇನ್ನೂ ಎರಡು ದಿನವಿತ್ತು.
ನಾಲ್ಕನೆಯ ಸಾಲಿನಲ್ಲಿ ಒಬ್ಬ ಹಗ್ಗಕ್ಕೆ ಸಿಕ್ಕಿ ತೂಗುತ್ತಿದ್ದ,
ಬೂಟುಕಾಲು ನನ್ನ ನೆತ್ತಿಗೆ ತಾಗುವಷ್ಟು ಕೆಳಗೆ.
ವೋದಾ, ಅಂದ. ವೋದಾ, ವೋದಾ.
ಅಪ್ಪ ಕೊಂಬೆ ಸವರುವ ಚೂರಿಯಲ್ಲಿ ಹಗ್ಗ ಕೊಯ್ದ,
ಕೈಗೆ ಸಿಕ್ಕ ಹಣ್ಣೊಂದು ಕೊಟ್ಟ.
ಕಚ್ಚಿಕೊಂಡೇ ಓಡಿದ, ಏರಿಯ ಕಡೆಗೆ.
ಹೆಸರು ಹೇಳಿ ಹೋದನಲ್ಲ ಎಂದು
ಮೂವತ್ತು ವರ್ಷ ವೋದಾನ ಹೆಸರಲ್ಲಿ ಮೇಣದಬತ್ತಿ ಹಚ್ಚಿದೆ.
ಆಮೇಲೆ ಆಸ್ಪತ್ರೆಯಲ್ಲಿ ಪೋಲೆಂಡಿನ ನರ್ಸೊಬ್ಬಳು ಹೇಳಿದಳು,
ವೋದಾ ಅಂದರೆ ನೀರು.

ಆಡಿಕೊಳ್ಳಿ, ಎಂದು ಅತ್ತೆ ಆಲೂಗಡ್ಡೆಯ ಕಡೆ ಹೊರಟಳು.
ಲ್ಯುಬ್ಬರ್ಟ್ ಪೆನ್ಸಿಲಿನಿಂದ ಪುಸ್ತಕದ ಕಾಡನ್ನು ಹೊಡೆದುಹಾಕಿದ.
ದಾಟಲು ಈಗ ಎಷ್ಟು ಅಂಕ, ಅದನ್ನು ಬರೆಯದೆ ಬಿಟ್ಟ.

ರಾತ್ರಿಯ ಸರದಿ. ಇನ್ನು ನದಿ.
ಐದು ಬಿದ್ದರೆ ದೋಣಿ, ಆರು ಬಿದ್ದರೆ ದೋಣಿ.
ಮೂರು. ಒಂದು. ನಾಲ್ಕು. ಒಂದು. ಎರಡು.
ಎದುರಿಗೆ ಕೂತವನು ದಿನಕ್ಕೆ ನಲವತ್ತು ಸಲ
ಇದೇ ನೀರು ದಾಟಿಸುವ ಅಂಬಿಗ,
ಸೈಕಲ್ಲಿಗೆ ಒಂದು ಯೂರೋ, ನಾಯಿಗೆ ಪುಕ್ಕಟೆ,
ದಡದಿಂದ ದಡಕ್ಕೆ ನಾಲ್ಕು ನಿಮಿಷ.
ಇನ್ನೊಮ್ಮೆ ಹಾಕು, ಎಂದ.
ಸರದಿ ಮುಗಿದಿದೆ, ಎಂದೆ.
ಗೊತ್ತು. ಹಾಕು.
ನಾಲ್ಕು.

ಗೆದ್ದವನ ಮುಖ ಸಪ್ಪಗಾಗುವ ಆಟ ಬೇರೊಂದು ಕಾಣೆ.
ಕಾಯಿಗಳನ್ನು ಬಣ್ಣ ನೋಡಿ ಚೀಲಕ್ಕೆ ತುಂಬಿದೆವು.
ಒಂದು ಕಡಿಮೆ.
ಮೇಜಿನಡಿ, ಒಲೆಯಡಿ, ಅತ್ತೆಯ ಚಪ್ಪಲಿಯಡಿ, ಇಲ್ಲ.
ಲ್ಯುಬ್ಬರ್ಟ್ ಕೋಟು ತೊಟ್ಟು ಏರಿ ಹತ್ತಿ ಇಳಿದ.
ಅವನ ಮನೆ ಆಚೆ ದಡದಲ್ಲಿ.

ಹತ್ತೂವರೆಗೆ ಫೋನು:
ನಿನ್ನ ಕಾಯಿ ನನ್ನ ಸ್ವೆಟರಿನ ಮೊಳಕೈಗೆ ಅಂಟಿಕೊಂಡು ಬಂದಿದೆ.
ಯಾವುದು?
ಮೂರನೆಯ ತುಕಡಿ. ತೋಟಕ್ಕೆ ಬಿದ್ದದ್ದು.
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.
ಆ ಕಡೆ ನಲ್ಲಿ ತಿರುಗಿಸಿದ ಸದ್ದು,
ಲೋಟ ಕೆಳಗಿಟ್ಟ ಸದ್ದು.
ದಾಟಿತು ಅಂತ ಬರೆದುಕೊಳ್ಳಲೆ?
ಬರೆದುಕೊ. ಹಣ್ಣಾಯಿತು, ಅಂದ.
ನಾಳೆ ತಂದುಕೊಡುತ್ತೇನೆ ಅನ್ನಲಿಲ್ಲ.