ಇನ್ನೊಂದು ವಾರ

ಮೈದುನ ಬಕ್ಕಪ್ಪ ಹೇಝಲ್‌ನಟ್ ಅಂದ.
ಜಮೀಲಾ ಆಪಾ ಕೈಯಾಗ ಹಿಡಿದು ಫುಂದುಕ್ ಅಂದಳು.
ಆಕಿ ಅಜ್ಜ ಹಕೀಮ, ಚೌಬಾರಾದ ಹತ್ತಿರ ಅಂಗಡಿ;
ಗಾಜಿನ ಬರಣ್ಯಾಗ ಇರ್ತಿದ್ದವಂತ, ಗೋಲಿಯಂಥವು.
ಗಿಡ ಮಾತ್ರ ಅವನೂ ನೋಡಿರಲಿಲ್ಲ.

ಶ್ರೀನಗರದಿಂದ ತಂದ ಹತ್ತರಾಗ ಎಂಟು
ಒಡೆದು ತಿಂದಿವಿ. ಉಳಿದೆರಡು
ಪೇಢೆ ಡಬ್ಬ್ಯಾಗ, ಹಸಿ ಉಸುಕಿನೊಳಗ,
ಫ್ರಿಜ್ಜಿನಾಗ ಮೆಂತೆಪಲ್ಲೆ ಬಾಜೂಕ ನಾಕು ತಿಂಗಳು.
ಕರೆಂಟು ಹೋದ ರಾತ್ರಿ ಎದ್ದು ಮುಟ್ಟಿ ನೋಡತಿದ್ದೆ,
ಜ್ವರದ ಕೂಸಿನ ಹಣಿ ಮುಟ್ಟಿದಂಗ.
ಅತ್ತಿ ಒಮ್ಮೆ ಪೇಢೆ ಅಂತ ಮುಚ್ಚಳ ತೆಗೆದು
ಉಸುಕು ನೋಡಿ, ಏನೂ ಅನ್ನದೆ ಮುಚ್ಚಿಟ್ಟಳು.

ಎರಡೂ ಮೊಳೆತವು.
ಬಚ್ಚಲ ಗ್ವಾಡಿ ಮಗ್ಗಲಿಗೆ ಹಚ್ಚಿದೆ,
ಗೇಣು ಅಗೆದರ ಕೆಂಪು ಕಲ್ಲು ಹತ್ತುವಲ್ಲಿ.
ಒಂದೇ ಇದ್ದರ ಕಾಯಿ ಹಿಡಿಯೋದಿಲ್ಲ,
ಗಾಳಿ ಒಂದರ ಧೂಳಿ ಇನ್ನೊಂದಕ್ಕ ಒಯ್ಯಬೇಕು.
ಮೇ ತಿಂಗಳಾಗ ಎಲಿ ಅಂಚು ಹಪ್ಪಳದಂಗ ಕರಕಾತು,
ಮದುವಿ ಸೀರಿ ಬಿಚ್ಚಿ ನೆರಳು ಕಟ್ಟಿದೆ.

ಐದು ವರ್ಷ. ಎದೆಮಟ್ಟ. ಒಂದೂ ಕಾಯಿಲ್ಲ.
ನಮ್ಮೂರ ಚಳಿ ಅದಕ್ಕ ಸಾಲದು.

ಈ ಸಲ ಡಿಸೆಂಬರಿನಾಗ ಆರು ಡಿಗ್ರಿ ಅಂತ ಪೇಪರಿನಾಗ ಬಂತು.
ಓಣಿ ಮಂದಿ ಸೈಕಲ್ ಟೈರು ಸುಟ್ಟು ಕೈ ಕಾಸಿಕೋತ
ಥಂಡಿಗೆ ಬಾಯಿಗೆ ಬಂದಂಗ ಬೈತಾರ.
ನಾನು ಶಾಲು ಹೊದ್ದು ಗಿಡದ ಬಲ್ಲಿ ನಿಂತು
ಯಾರಿಗೂ ಕೇಳದಂಗ ಬೇಡತೀನಿ:
ಇನ್ನೊಂದು ವಾರ.

ಗ್ವಾಡಿ ಆಚೆ ಆಪಾ ಕೆಮ್ಮತಾಳ.
ಆಕಿ ಎದಿ ಥಂಡಿ ತಾಳೋದಿಲ್ಲ.
ಬ್ಯಾಡ, ನಾಕು ದಿನ ಸಾಕು, ಅಂದೆ.

ಮತ್ತ ಕೆಮ್ಮಿದಳು.

ಮೂರು.